ಒಂದು ಒಳ್ಳೆ ಕತೆ ಹೇಳಿ ಅಂದಾಗ

"ಓದೋಕೆ ಒಂದು ಒಳ್ಳೆ ಕತೆ ಹೇಳಿ" ಅಂತ ಯಾರಾದರೂ ಕೇಳಿದರೆ ಸಾಕು, ಮೊದಲೆಲ್ಲ ನನಗೆ ರೆಕ್ಕೆ ಬಂದ ಹಾಗಾಗುತ್ತಿತ್ತು. ಕೂತು ಪಟ್ಟಿ ಮಾಡುತ್ತಿದ್ದೆ. ಒಮ್ಮೆ ಆಫೀಸಿನ ಗೆಳೆಯರೊಬ್ಬರಿಗೆ 28 ಸಂಕಲನಗಳ ಹೆಸರು ಕಳಿಸಿದ್ದೆ. ಬರೆದವರು ಯಾರು, ಯಾವ ವರ್ಷದ್ದು, ಅನುವಾದ ಯಾರದ್ದು, ಎಲ್ಲ ಇತ್ತು. ಅವರು ಕೈಮುಗಿಯುವ ಚಿತ್ರ ಕಳಿಸಿದರು. ಮೂರು ತಿಂಗಳು ಬಿಟ್ಟು, ಯಾವುದು ಓದಿದಿರಿ ಅಂತ ಕೇಳಿದೆ. "ಪಟ್ಟಿ ಜೋಪಾನವಾಗಿ ಇಟ್ಟಿದ್ದೀನಿ ಸಾರ್" ಅಂದರು.

ಜೋಪಾನವಾಗಿ! ಅವತ್ತೇ ಪಟ್ಟಿ ಕೊಡುವುದನ್ನು ಬಿಟ್ಟೆ. 28 ಹೆಸರು ಕೊಟ್ಟರೆ ಆರಿಸುವ ಕೆಲಸ ಮತ್ತೆ ಅವರ ತಲೆಗೇ ಬಿತ್ತು. ಅವರು ನನ್ನನ್ನು ಕೇಳಿದ್ದೇ ಆ ಕೆಲಸ ತಪ್ಪಲಿ ಅಂತ. ಈಗ ಯಾರೇ ಕೇಳಲಿ, ಒಂದೇ ಕತೆ ಹೇಳುತ್ತೇನೆ. ಸಂಕಲನ ಅಲ್ಲ, ಕತೆ. ಯಾವ ಪುಸ್ತಕದಲ್ಲಿದೆ, ಎಷ್ಟನೇ ಪುಟ, ಓದೋಕೆ ಎಷ್ಟು ನಿಮಿಷ ಬೇಕು. ಈ ನಿಮಿಷದ ಲೆಕ್ಕ ಹೇಳುವುದು ಮುಖ್ಯ. "ಇಪ್ಪತ್ತು ನಿಮಿಷ ಸಾಕು" ಅಂದರೆ ಜನ ಅವತ್ತೇ ಓದುತ್ತಾರೆ. "ಅದ್ಭುತವಾಗಿದೆ" ಅಂದರೆ ಜೋಪಾನವಾಗಿ ಇಡುತ್ತಾರೆ. ಎಡ್ಗರ್ ಅಲನ್ ಪೋ 1842ರಲ್ಲೇ ಒಂದು ವಿಮರ್ಶೆಯಲ್ಲಿ ಕತೆಗೆ ಹೊತ್ತಿನ ಲೆಕ್ಕ ಇಟ್ಟಿದ್ದ. ಅರ್ಧ ಗಂಟೆಯಿಂದ ಒಂದೆರಡು ಗಂಟೆ, ಒಂದೇ ಸಲ ಕೂತು ಮುಗಿಸಬೇಕು, ನಡುವೆ ಎದ್ದು ಬೇರೆ ಕೆಲಸಕ್ಕೆ ಹೋದರೆ ಹಿಡಿತ ತಪ್ಪುತ್ತದೆ ಅಂತ ಅವನ ವಾದ. ಅವನು ಹೇಳಿದ ಎರಡು ಗಂಟೆ ಈಗ ಯಾರ ಹತ್ತಿರವೂ ಇಲ್ಲ. ಅರ್ಧ ಗಂಟೆ ಇದೆ.

ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಸಾಧಾರಣ ರೂಲ್ ಹಾಕಿದ್ದು. ಒಂದು ಕತೆಗೆ ಒಂದು ಸಾಲು. ಕತೆಯ ಹೆಸರು, ಬರೆದವರು, ಎಲ್ಲಿ ಸಿಗುತ್ತದೆ, ಎಷ್ಟು ನಿಮಿಷ. ಕೊನೆಯ ಕಾಲಂಗೆ ‘ಉಳಿದದ್ದು’ ಅಂತ ಹೆಸರಿಟ್ಟಿದ್ದೇನೆ. ಓದಿದ ದಿನ ಅದನ್ನು ತುಂಬುವುದಿಲ್ಲ. ಒಂದು ವಾರ ಬಿಟ್ಟು, ಪುಸ್ತಕ ತೆರೆಯದೆ, ತಲೆಯಲ್ಲಿ ಏನು ಉಳಿದಿದೆಯೋ ಅದನ್ನು ನಾಲ್ಕೈದು ಪದದಲ್ಲಿ ಬರೆಯುತ್ತೇನೆ. ಕತೆಯ ಸಾರಾಂಶ ಅಲ್ಲ, ಅರ್ಥವೂ ಅಲ್ಲ. ಒಂದು ವಸ್ತು, ಒಂದು ಮಾತು, ಒಂದು ಕದಲಿಕೆ. ಚೆಕಾವ್‌ನ ‘ತೊಸ್ಕಾ’ ಕತೆಗೆ ನಾನು ಬರೆದಿದ್ದು, "ಕುದುರೆ ಮೇಲೂ ಅವನ ಮೇಲೂ ಒಂದೇ ಹಿಮ." ಜಾಯ್ಸ್‌ನ ‘ದಿ ಡೆಡ್’ಗೆ, "ಮೆಟ್ಟಿಲ ಮೇಲೆ ನಿಂತು ಹಾಡು ಕೇಳುವ ಹೆಂಡತಿ." ವಾರ ಕಳೆದ ಮೇಲೂ ಆ ಜಾಗ ಖಾಲಿ ಉಳಿದರೆ ಆ ಕತೆಯನ್ನು ಯಾರಿಗೂ ಹೇಳುವುದಿಲ್ಲ, ಓದುವಾಗ ನಾನು ಎಷ್ಟೇ ತಲೆದೂಗಿರಲಿ.

ಈ ಕಾಲಂ ನನ್ನ ಸೊಕ್ಕನ್ನು ಸುಮಾರು ಇಳಿಸಿದೆ. ಎಲ್ಲರೂ ಹೊಗಳುವ ಕೆಲವು ಕತೆಗಳ ಮುಂದೆ ಅದು ಖಾಲಿ. ಕೊನೆಯ ಸಾಲಿನಲ್ಲಿ ತಿರುವು ಕೊಡುವ ಕತೆಗಳದ್ದಂತೂ ಜಾಸ್ತಿ ಇದೇ ಪಾಡು. ಓದಿದ ಕ್ಷಣ ಚಪ್ಪಾಳೆ, ವಾರದ ಮೇಲೆ ಏನೂ ಇಲ್ಲ. ತಿರುವು ಗೊತ್ತಿದ್ದೂ ಇನ್ನೊಮ್ಮೆ ಓದಬೇಕು ಅನ್ನಿಸುತ್ತದಾ, ಅದನ್ನು ನೋಡಬೇಕು. ಓ ಹೆನ್ರಿಯ ‘ದಿ ಗಿಫ್ಟ್ ಆಫ್ ದಿ ಮ್ಯಾಜೈ’ 1905ರ ಕತೆ. ಅದರ ತಿರುವು ಕತೆ ಓದದವರಿಗೂ ಗೊತ್ತು. ಆದರೂ ಆ ಹುಡುಗಿ ಕೂದಲು ಮಾರಿ ಬಂದು ಕನ್ನಡಿ ಮುಂದೆ ನಿಲ್ಲುತ್ತಾಳಲ್ಲ, ಅಲ್ಲಿ ನಾನು ಪ್ರತಿ ಸಲ ನಿಲ್ಲುತ್ತೇನೆ.

ಸರಿ, ಕತೆ ಸಿಗುವುದು ಎಲ್ಲಿ? ಪ್ರಶಸ್ತಿ ಪಟ್ಟಿ ನಾನೂ ನೋಡುತ್ತೇನೆ, ಇಲ್ಲ ಅನ್ನಲ್ಲ. ಆದರೆ ಗೆದ್ದದ್ದಕ್ಕಿಂತ ಅಂಚಿನಲ್ಲಿ ಉಳಿದದ್ದರಿಂದ ನನಗೆ ಲಾಭ ಜಾಸ್ತಿ. ಇಂಗ್ಲಿಷಿನಲ್ಲಿ ‘ದಿ ಬೆಸ್ಟ್ ಅಮೆರಿಕನ್ ಶಾರ್ಟ್ ಸ್ಟೋರೀಸ್’ ಅಂತ ಒಂದು ಮಾಲಿಕೆ ಇದೆ, 1915ರಿಂದ ಬರುತ್ತಿದೆ. 1978ರಿಂದ ಪ್ರತಿ ವರ್ಷ ಒಬ್ಬ ಅತಿಥಿ ಸಂಪಾದಕರು ಸುಮಾರು 20 ಕತೆ ಆರಿಸುತ್ತಾರೆ. ಸಂಪಾದಕರು ಬದಲಾದರೆ ರುಚಿಯೂ ಬದಲು. ಹಾಗಾಗಿ ಒಂದು ವರ್ಷದ್ದು ಇಷ್ಟವಾಗಲಿಲ್ಲ ಅಂತ ಮಾಲಿಕೆಯನ್ನೇ ಬಿಡಬಾರದು. ನನಗೆ ಬೇಕಾದದ್ದು ಪುಸ್ತಕದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಆ ವರ್ಷ ಗಮನ ಸೆಳೆದ ಬೇರೆ ಕತೆಗಳು, ಅವು ಬಂದ ಪತ್ರಿಕೆಗಳು. ಆ ಪುಟವನ್ನು ಯಾರೂ ಓದುವುದಿಲ್ಲ. ನಾನು ಮೊದಲು ತೆಗೆಯುವುದೇ ಅದನ್ನು.

ಕನ್ನಡದ ಸಂಕಲನಗಳಲ್ಲಿ ಇದೇ ಕೆಲಸವನ್ನು ಲೇಖಕರ ಮಾತು ಮಾಡುತ್ತದೆ. "ಈ ಕತೆಗಳನ್ನು ಪ್ರಕಟಿಸಿದ ಪತ್ರಿಕೆಗಳ ಸಂಪಾದಕರಿಗೆ ಕೃತಜ್ಞ" ಅಂತ ಒಂದು ಸಾಲು ಇರುತ್ತದಲ್ಲ, ಅದು. ನನಗೆ ಹಿಡಿಸಿದ ಮೂರು ಕತೆ ಒಂದೇ ಪತ್ರಿಕೆಯಲ್ಲಿ, ಹೆಚ್ಚುಕಮ್ಮಿ ಒಂದೇ ಕಾಲದಲ್ಲಿ ಬಂದಿದ್ದರೆ, ಅಲ್ಲಿ ಕೂತು ಆರಿಸಿದವರ ರುಚಿ ನನ್ನದಕ್ಕೆ ಹತ್ತಿರ ಅಂತಾಯಿತು. ಆಮೇಲೆ ಆ ಪತ್ರಿಕೆಯ ಹಳೆಯ ಸಂಚಿಕೆಗಳ ಪರಿವಿಡಿ ನೋಡುತ್ತಾ ಹೋಗುತ್ತೇನೆ. ಬೆನ್ನುಡಿಯನ್ನಂತೂ ಓದಲೇಬೇಡಿ. ಬೆನ್ನುಡಿಯಲ್ಲಿ ಎಲ್ಲ ಕತೆಗಾರರೂ ಮಹತ್ವದವರೇ.

ಅನುವಾದಕರನ್ನು ಹಿಂಬಾಲಿಸುವುದು ಇನ್ನೊಂದು ದಾರಿ. ನನಗೆ ಇದೇ ಜಾಸ್ತಿ ಇಷ್ಟ. ಅನುವಾದಕರು ಒಂದು ಕತೆಯ ಜೊತೆ ತಿಂಗಳುಗಟ್ಟಲೆ ಬಾಳಬೇಕು, ಸುಮ್ನೆ ಯಾವುದನ್ನೋ ಆರಿಸುವುದಿಲ್ಲ. 2025ರಲ್ಲಿ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಸಣ್ಣಕತೆಗಳ ಸಂಕಲನಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆಗ ಪರಿಚಯದವರೆಲ್ಲ ಕೇಳಿದ್ದು ಒಂದೇ, "ಅದರ ಕನ್ನಡ ಪುಸ್ತಕ ಯಾವುದು?" ಅದು ಯಾವುದೋ ಒಂದು ಸಂಕಲನದ ಅನುವಾದ ಅಲ್ಲ ಅಂತ ವಿವರಿಸಬೇಕಾಯಿತು. ಬಾನು ಮುಷ್ತಾಕ್ 1990ರಿಂದ 2023ರವರೆಗೆ ಬರೆದ ಕತೆಗಳಲ್ಲಿ 12ನ್ನು ದೀಪಾ ಭಾಸ್ತಿ ಆರಿಸಿ ಒಂದು ಕಡೆ ಇಟ್ಟಿದ್ದು. ಜಯಂತ ಕಾಯ್ಕಿಣಿಯವರ ಮುಂಬೈ ಕತೆಗಳನ್ನು ತೇಜಸ್ವಿನಿ ನಿರಂಜನ ‘ನೋ ಪ್ರೆಸೆಂಟ್ಸ್ ಪ್ಲೀಸ್’ಗೆ ಆರಿಸಿದ್ದೂ ಹೀಗೇ, ಬೇರೆ ಬೇರೆ ಸಂಕಲನಗಳಿಂದ. ಕನ್ನಡದಲ್ಲೇ ಓದುವವರಿಗೂ ಇಂಥ ಪುಸ್ತಕದ ಪರಿವಿಡಿಯಿಂದ ಉಪಯೋಗ ಇದೆ. ಒಬ್ಬರು ಇಡೀ ಕಪಾಟು ಓದಿ, ಎಲ್ಲಿಂದ ಶುರು ಮಾಡಬೇಕು ಅಂತ ಗುರುತು ಹಾಕಿಕೊಟ್ಟ ಹಾಗೆ.

ಫೋನಿನಲ್ಲಿ ತಿರುಗುವ ಕತೆಗಳನ್ನು ನಾನು ಮುಟ್ಟುವುದಿಲ್ಲ. ಮಗುವಿನ ಬೂಟು ಮಾರಾಟಕ್ಕಿದೆ ಅನ್ನುವ ಆ ಆರು ಪದದ ಕತೆ ಹೆಮಿಂಗ್ವೇದು ಅಂತ ನಾನೂ ಹತ್ತಾರು ಜನಕ್ಕೆ ಕಳಿಸಿದ್ದೆ. ಅವನು ಬರೆದದ್ದಕ್ಕೆ ಯಾವ ಪುರಾವೆಯೂ ಇಲ್ಲ.

ಇಷ್ಟೆಲ್ಲ ಹುಡುಕಿ ಇಟ್ಟುಕೊಂಡರೂ ನಾನು ಕೆಟ್ಟದಾಗಿ ಎಡವಿದ್ದು ಒಂದು ಒಳ್ಳೆಯ ಕತೆಯಿಂದಲೇ. ‘ತೊಸ್ಕಾ’ 1886ರ ಕತೆ, ಚೆಕಾವ್‌ಗೆ ಆಗ ಇಪ್ಪತ್ತಾರರ ಆಸುಪಾಸು. ಐದಾರು ಪುಟ ಅಷ್ಟೆ. ಒಬ್ಬ ಗಾಡಿಯವನು, ಇಯೋನಾ. ಆ ವಾರವೇ ಮಗ ಸತ್ತಿದ್ದಾನೆ. ಗಾಡಿ ಹತ್ತಿದವರಿಗೆಲ್ಲ ಹೇಳೋಕೆ ಬಾಯಿ ತೆಗೆಯುತ್ತಾನೆ. ಒಬ್ಬ ಬೇಗ ಹೊಡಿ ಅನ್ನುತ್ತಾನೆ. ಕುಡಿದ ಹುಡುಗರು ಗೇಲಿ ಮಾಡುತ್ತಾರೆ. ಕೊನೆಗೆ ಲಾಯದಲ್ಲಿ ಹುಲ್ಲು ಮೇಯುವ ಕುದುರೆಗೆ ಎಲ್ಲವನ್ನೂ ಹೇಳಿಕೊಳ್ಳುತ್ತಾನೆ. ನನ್ನ ಗೆಳೆಯನೊಬ್ಬನ ತಮ್ಮ ತೀರಿಕೊಂಡು ಒಂದು ತಿಂಗಳಾಗಿತ್ತು. ಏನು ಹೇಳಬೇಕೋ ತೋಚದೆ ಈ ಕತೆ ಕೊಟ್ಟೆ. ದುಃಖದಲ್ಲಿರುವವನಿಗೆ ದುಃಖ ಅರ್ಥ ಮಾಡಿಕೊಂಡ ಕತೆ, ಸರಿಯಾಗಿ ಕೂರುತ್ತದೆ ಅಂತ ನನ್ನ ಲೆಕ್ಕ. ಮರುದಿನ ಪುಸ್ತಕ ವಾಪಸ್ ತಂದ. "ಎರಡು ಪುಟ ಓದಿದೆ. ಇದನ್ನ ಈಗ ಯಾಕೆ ಕೊಟ್ಟೆ ಮಾರಾಯ?" ಅಂದ. ಸಿಟ್ಟಿನಿಂದ ಅಲ್ಲ, ನಿಜಕ್ಕೂ ಗೊತ್ತಾಗದೆ ಕೇಳಿದ. ಅವನಿಗೆ ಬೇಕಿದ್ದದ್ದು ಕತೆ ಅಲ್ಲ, ಕುದುರೆ. ನಾನು ಪುಸ್ತಕ ಕೈಗಿಟ್ಟು ಜಾಗ ಖಾಲಿ ಮಾಡಿದ್ದೆ.

ಅವತ್ತು ಸಂಜೆ ಅವನ ಮನೆಗೆ ಹೋಗಿ ಕೂತೆ. ಪುಸ್ತಕದ ಮಾತು ಬರಲಿಲ್ಲ.

ಆಮೇಲಿಂದ ಕತೆ ಹೇಳುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ. ಏನು ಇಷ್ಟ ಅಂತ ಅಲ್ಲ. ಅದಕ್ಕೆ ಎಲ್ಲರೂ ಒಳ್ಳೆಯ ಉತ್ತರ ಇಟ್ಟುಕೊಂಡಿರುತ್ತಾರೆ. "ಈಚೆಗೆ ಯಾವುದನ್ನ ಅರ್ಧಕ್ಕೆ ಬಿಟ್ಟಿರಿ, ಯಾಕೆ?" ಇದಕ್ಕೆ ನಿಜ ಹೇಳುತ್ತಾರೆ. ನನ್ನ ಅಣ್ಣನ ಮಗಳು ಒಂದು ಹೆಸರಾಂತ ಸಂಕಲನವನ್ನು ಎರಡನೇ ಕತೆಗೇ ಬಿಟ್ಟಳು. "ಯಾರಿಗೂ ಏನೂ ಆಗಲ್ಲ ಚಿಕ್ಕಪ್ಪ, ಬರೀ ಕಿಟಕಿ ಹತ್ರ ನಿಂತ್ಕೋತಾರೆ" ಅಂದಳು. ನಕ್ಕೆ, ಆದರೆ ಅವಳು ಹೇಳಿದ್ದು ಸರಿ ಇತ್ತು. ಅವಳಿಗೆ ಬೇಕಾದದ್ದು ಮೊದಲ ಪುಟದಲ್ಲೇ ಯಾರೋ ಸುಳ್ಳು ಹೇಳಿ ಸಿಕ್ಕಿಬೀಳುವ ಕತೆ. ಮೊಪಾಸಾನ ‘ನೆಕ್ಲೇಸ್’ ಕೊಟ್ಟೆ. ಎರವಲು ತಂದ ಒಡವೆ ಕಳೆದುಹೋಗುವುದು, ಅದನ್ನು ಮುಚ್ಚಿಡುವುದು. ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬಂತು, "ಮೊದ್ಲೇ ಹೇಳ್ಬಿಡ್ಬಾರ್ದಿತ್ತಾ ಅವಳು!"

ಇಡೀ ಸಂಕಲನವನ್ನು ಯಾರಿಗಾದರೂ ಹೇಳಬೇಕಾದರೆ, ಅದರ ಕಡಿಮೆ ಅಂದರೂ ಮೂರು ಕತೆಗಳ ಮುಂದೆ ‘ಉಳಿದದ್ದು’ ತುಂಬಿರಬೇಕು. ಯಾವ ಮೂರು ಅಂತಲೂ ಹೇಳುತ್ತೇನೆ, ಯಾವುದನ್ನು ಹಾರಿಸಬಹುದು ಅಂತಲೂ ಹೇಳುತ್ತೇನೆ. ಹಾರಿಸಿ ಅಂದರೆ ಕೆಲವರಿಗೆ ಕಸಿವಿಸಿ. ದೊಡ್ಡವರ ಪುಸ್ತಕದಲ್ಲಿ ಹಾರಿಸುವುದಾ ಅಂತ. ಹನ್ನೆರಡಕ್ಕೆ ಹನ್ನೆರಡೂ ಚೆನ್ನಾಗಿರುವ ಸಂಕಲನ ನಾನಂತೂ ಎರಡೋ ಮೂರೋ ನೋಡಿದ್ದೇನೆ. ಹೊಸಬರ ಕೈಗೆ ‘ಸಮಗ್ರ ಕತೆಗಳು’ ಕೊಡುವುದಿಲ್ಲ, ಆ ದಪ್ಪ ನೋಡಿಯೇ ಹೆದರುತ್ತಾರೆ. ಕ್ರಮದ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರು. ಜಾಯ್ಸ್‌ನ ‘ಡಬ್ಲಿನರ್ಸ್’ 1914ರಲ್ಲಿ ಬಂತು, 15 ಕತೆ. ಬಾಲ್ಯದಿಂದ ಶುರುವಾಗಿ ವಯಸ್ಸು ಏರುತ್ತಾ ಹೋಗುವ ಹಾಗೆ ಅವನೇ ಜೋಡಿಸಿದ್ದು, ಎಲ್ಲಕ್ಕಿಂತ ಉದ್ದದ ‘ದಿ ಡೆಡ್’ ಕೊನೆಯಲ್ಲಿ. ಅದನ್ನು ಮೊದಲು ಓದಿ ನಾನು ನಷ್ಟ ಮಾಡಿಕೊಂಡೆ. ಬೇರೆಯವರು ಆರಿಸಿದ ಸಂಕಲನ ಆದರೆ ಎಲ್ಲಿಂದ ಬೇಕಾದರೂ ಹೊಕ್ಕಬಹುದು. ಆದರೆ ದಿನಕ್ಕೆ ಒಂದೇ. ಸಾಲಾಗಿ ಮೂರು ಓದಿದರೆ ಒಂದರ ಅತ್ತೆ ಇನ್ನೊಂದರ ಮನೆಗೆ ಬಂದು ಕೂರುತ್ತಾಳೆ.

ಕತೆಯನ್ನೇ ಕಳಿಸಬಹುದಾ ಅಂತ ಕೇಳುತ್ತಾರೆ. ಪುಟಗಳ ಫೋಟೋ ತೆಗೆದು ನಾನೂ ಕಳಿಸುತ್ತಿದ್ದೆ, ಈಗ ಇಲ್ಲ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಕೊಡಗಿನ ಗೌರಮ್ಮ 1939ರಲ್ಲಿ, ಇನ್ನೂ ಇಪ್ಪತ್ತೇಳರಲ್ಲಿ ಹೋದರು. ಅವರ ಕತೆಗಳನ್ನು ಧಾರಾಳವಾಗಿ ಹಂಚಬಹುದು, ಹಂಚಬೇಕು ಕೂಡ. ಚೆಕಾವ್ ಸತ್ತು ನೂರು ವರ್ಷ ದಾಟಿದೆ, ಆದರೆ ಅವನ ಕತೆಯ ಕನ್ನಡ ಅನುವಾದಕ್ಕೆ ಅನುವಾದಕರ ಹಕ್ಕು ಬೇರೆ. ಇದು ತುಂಬಾ ಜನಕ್ಕೆ ಹೊಳೆಯುವುದಿಲ್ಲ.

ಈಚೆಗೆ ಕಳಿಸುವುದಕ್ಕಿಂತ ಓದಿ ಹೇಳುವುದೇ ಜಾಸ್ತಿಯಾಗಿದೆ. ನನ್ನ ಅಕ್ಕನಿಗೆ ಕಣ್ಣು ಬೇಗ ಆಯಾಸವಾಗುತ್ತದೆ. ರಾತ್ರಿ ಫೋನಿನಲ್ಲಿ ಓದಿ ಹೇಳುತ್ತೇನೆ. ಗಟ್ಟಿಯಾಗಿ ಓದಿದರೆ ನಿಮಿಷಕ್ಕೆ ಸುಮಾರು 100 ಪದ ಸಾಗುತ್ತದೆ, 1500 ಪದದ ಕತೆಗೆ ಕಾಲು ಗಂಟೆ. ಗಟ್ಟಿಯಾಗಿ ಓದುವಾಗ ಕತೆ ಏನನ್ನೂ ಮುಚ್ಚಿಡೋಕೆ ಆಗುವುದಿಲ್ಲ. ಪಾತ್ರದ ಬಾಯಲ್ಲಿ ಲೇಖಕ ಮಾತಾಡಿದರೆ ನನ್ನ ನಾಲಿಗೆಯೇ ತಡವರಿಸುತ್ತದೆ. ಅಕ್ಕ ಆ ಕಡೆಯಿಂದ "ಹೂಂ" ಅನ್ನುತ್ತಿರುತ್ತಾಳೆ. ಹೂಂ ನಿಂತರೆ ಎರಡೇ ಕಾರಣ, ನಿದ್ದೆ ಬಂದಿದೆ ಅಥವಾ ಕತೆ ಹಿಡಿದಿದೆ. ಯಾವುದು ಅಂತ ಮುಗಿದ ಮೇಲೆ ಗೊತ್ತಾಗುತ್ತದೆ.

ಎರಡು ತಿಂಗಳ ಹಿಂದೆ ಅವಳೇ ನನಗೊಂದು ಕತೆ ಹೇಳಿದಳು. "ಚಿಕ್ಕವಳಿದ್ದಾಗ ಯಾವುದೋ ಪತ್ರಿಕೇಲಿ ಓದಿದ್ದು ಕಣೋ. ಒಬ್ಬಳು ಯಾರದೋ ಮನೇಲಿ ಕೊಡೆ ಮರೆತು ಹೋಗ್ತಾಳೆ. ಮಾರನೇ ದಿನ ವಾಪಸ್ ಬಂದ್ರೆ ಮನೇಲಿ ಯಾರೂ ಇಲ್ಲ. ಕೊಡೆ ಬಾಗಿಲ ಹತ್ರಾನೇ ಇದೆ, ಆದ್ರೆ ಒದ್ದೆ ಆಗಿದೆ."

"ಬರೆದಿದ್ದು ಯಾರು?"

"ಗೊತ್ತಿಲ್ಲ."

"ಕೊನೆಗೆ ಏನಾಗುತ್ತೆ?"

"ಅದೂ ನೆನಪಿಲ್ಲ. ಕೊಡೆ ಒದ್ದೆ ಇತ್ತು."

ಅವತ್ತಿನಿಂದ ಹುಡುಕುತ್ತಿದ್ದೇನೆ. ಹಳೆಯ ವಿಶೇಷಾಂಕಗಳ ಪರಿವಿಡಿ ತಿರುವಿದೆ, ಆ ಕಾಲದ ಕತೆಗಾರ್ತಿಯರ ಆಯ್ದ ಕತೆಗಳನ್ನು ನೋಡಿದೆ, ಓದುವ ಗೆಳೆಯರನ್ನೆಲ್ಲ ಪೀಡಿಸಿದೆ. ಸಿಕ್ಕಿಲ್ಲ. ನೋಟ್‌ಬುಕ್‌ನಲ್ಲಿ ಅದಕ್ಕೊಂದು ಸಾಲು ಬಿಟ್ಟಿದ್ದೇನೆ. ಹೆಸರಿನ ಜಾಗ ಖಾಲಿ, ಬರೆದವರ ಜಾಗ ಖಾಲಿ, ನಿಮಿಷವೂ ಇಲ್ಲ. ಕೊನೆಯ ಕಾಲಂನಲ್ಲಿ ಮಾತ್ರ ಬರೆದಿದೆ, "ಒದ್ದೆ ಕೊಡೆ."