65 ಕಿಲೋದಿಂದ 24 ಕಿಲೋಗೆ: ಒಬ್ಬ ಕ್ಯಾಸಿಯೋ ಮಾಸ್ತರನ ಭಾರ ಇಳಿದ ಕಥೆ

ಗಂಗಾವತಿಯಲ್ಲಿ ನನ್ನ ಗೆಳೆಯನದೊಂದು ಅಕ್ಕಿ ಅಂಗಡಿ ಇದೆ. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ನನ್ನ ಸಾಮಾನೆಲ್ಲ ಅಲ್ಲಿಗೆ ಒಯ್ದು, ಚೀಲ ತೂಗುವ ಕಾಟಾದ ಮೇಲೆ ಒಂದೊಂದಾಗಿ ಇಟ್ಟೆ. ಕೀಬೋರ್ಡು 11.5 ಕಿಲೋ. ಅದರ ಮರದ ಪೆಟ್ಟಿಗೆ 14. ಸ್ಟ್ಯಾಂಡು 6. ಆಂಪು, ಅಂದರೆ ದನಿ ಜೋರು ಮಾಡುವ ಸ್ಪೀಕರ್ ಡಬ್ಬಿ, 28. ವಾಯರ್, ಪೆಡಲ್, ಎಕ್ಸ್‌ಟೆನ್ಶನ್ ಬೋರ್ಡು ತುಂಬಿದ ಚೀಲ 5.5. ಒಟ್ಟು 65 ಕಿಲೋ. ಗೆಳೆಯ ಪಕ್ಕದಲ್ಲಿದ್ದ 25 ಕಿಲೋದ ಅಕ್ಕಿ ಪ್ಯಾಕೆಟ್ ತೋರಿಸಿ, "ಎರಡೂವರೆ ಪ್ಯಾಕೆಟ್ ಹೊತ್ತು ಊರೂರು ತಿರುಗ್ತೀಯಲ್ಲೋ" ಅಂದ.

ಅದಕ್ಕೆ ಹದಿನೈದು ದಿನ ಮುಂಚೆ ನನ್ನ ನಡು ಹಿಡಿದಿತ್ತು. ಯಲಬುರ್ಗಾ ಕಡೆ ಒಂದು ಹಳ್ಳಿಯಲ್ಲಿ ಸಾಮಾಜಿಕ ನಾಟಕ. ರಾತ್ರಿ ಹನ್ನೊಂದಕ್ಕೆ ಶುರುವಾಗಿದ್ದು ಮುಗಿದಾಗ ಬೆಳಗಿನ ಐದು. ನಿದ್ದೆಗಣ್ಣಲ್ಲಿ ಆಂಪನ್ನು ಟಂಟಂ ಗಾಡಿಗೆ ಎತ್ತಿ ಹಾಕಲು ಬಗ್ಗಿದವನು ಹಾಗೇ ನಿಂತುಬಿಟ್ಟೆ. ಮೇಲೇಳಲು ಆಗಲಿಲ್ಲ. ಪ್ಯಾಡ್ (ಕರೆಂಟಿನ ಡ್ರಮ್) ನುಡಿಸುವ ಹುಡುಗ ಬಂದು ಹಿಡಿದು ಕೂರಿಸಿದ. ಆಮೇಲೆ ಹತ್ತು ದಿನ ಮಲಗಿದ್ದೆ, ನಾಲ್ಕು ನಾಟಕ ಕೈಬಿಟ್ಟವು. ಡಾಕ್ಟರು, "ಭಾರ ಎತ್ತಬೇಡಿ" ಅಂದರು. ಭಾರ ಎತ್ತದೆ ಕ್ಯಾಸಿಯೋ ಮಾಸ್ತರಕಿ ಹೇಗೆ ಮಾಡುವುದು?

ನಮ್ಮ ಕಡೆ ಯಾವ ಕಂಪನಿಯ ಕೀಬೋರ್ಡ್ ಆದರೂ ಅದು 'ಕ್ಯಾಸಿಯೋ'ನೇ, ನುಡಿಸುವವನು ಕ್ಯಾಸಿಯೋ ಮಾಸ್ತರ. ನಾನು ಹದಿನೆಂಟು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಬೇಸಿಗೆ ಪೂರ್ತಿ ಹಳ್ಳಿ ನಾಟಕ, ಗಣಪತಿ ಹಬ್ಬಕ್ಕೆ ಆರ್ಕೆಸ್ಟ್ರಾ, ನಡುವೆ ಬಳ್ಳಾರಿ, ಸಿಂಧನೂರು ಕಡೆ ಮದುವೆ ರಿಸೆಪ್ಷನ್ನು.

ಕಾಟಾದ ಹತ್ತಿರ ಇನ್ನೊಂದು ಮಾತು ಸಿಕ್ಕಿತು. ಅಂಗಡಿಯ ಹಮಾಲಣ್ಣ ಒಬ್ಬರು ನನ್ನ ಆಂಪನ್ನು ಎತ್ತಿ ನೋಡಿ ಕೆಳಗಿಟ್ಟರು. ದಿನಕ್ಕೆ ನೂರಾರು ಚೀಲ ಹೊರುವ ಮನುಷ್ಯ. "ಇದು ಭಾರ ಅಲ್ರೀ ಮಾಸ್ತರ. ಇದನ್ನ ಹಿಡಿಯಾಕ ಬರಂಗಿಲ್ಲ. ಚೀಲ ಆದ್ರ ಬೆನ್ನಿಗೆ ಅಂಟ್ಕೊಂತೈತಿ, ಇದು ಮೈಯಿಂದ ದೂರ ನಿಲ್ತೈತಿ. ಅದಕ್ಕ ನಡು ಹೋಗ್ತೈತಿ" ಅಂದರು. ಅಲ್ಲಿಯವರೆಗೆ ನಾನು ಬರೀ ಕಿಲೋ ಲೆಕ್ಕ ಹಾಕುತ್ತಿದ್ದೆ. ಅವತ್ತಿನಿಂದ ಒಂದು ಸಾಮಾನು ಬೆನ್ನಿಗೆ ಹೋಗುತ್ತದೋ, ಕೈಯಲ್ಲಿ ಜೋತಾಡುತ್ತದೋ ಅಂತ ಮೊದಲು ನೋಡುತ್ತೇನೆ.

ಮೊದಲು ಇಳಿಸಿದ್ದು ದುಡ್ಡು ಬೇಡದ ಭಾರ. ವಾಯರ್ ಚೀಲವನ್ನು ಮನೆಯ ನೆಲದ ಮೇಲೆ ಸುರುವಿದೆ. ಹಳೇ ಸ್ಟೆಬಿಲೈಜರ್, ಯಾವುದಕ್ಕೂ ಹೊಂದದ ಎರಡು ಅಡಾಪ್ಟರ್, 20 ಮೀಟರ್ ಎಕ್ಸ್‌ಟೆನ್ಶನ್, ತುಂಡಾದ ಪಿನ್ನುಗಳು, ಒಂದು ಸುತ್ತಿಗೆ. ಸುತ್ತಿಗೆ ಯಾಕೆ ಇತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕರೆಂಟ್ ವಾಯರ್ ಸೌಂಡ್ ಸಿಸ್ಟಂನವರ ಹತ್ತಿರ ಯಾವಾಗಲೂ ಇರುತ್ತದೆ. ಚೀಲ 2.2 ಕಿಲೋಗೆ ಬಂತು.

ಆಮೇಲೆ ಪೆಟ್ಟಿಗೆ. ಪ್ಲೈವುಡ್‌ಗೆ ಅಲ್ಯುಮಿನಿಯಂ ಪಟ್ಟಿ ಹೊಡೆಸಿ ಮಾಡಿಸಿದ್ದು. ಒಳಗಿರುವ ಕೀಬೋರ್ಡಿಗಿಂತ ಪೆಟ್ಟಿಗೆಯೇ ಜಾಸ್ತಿ ತೂಕ! ಲಾರಿಯಲ್ಲಿ ಹತ್ತು ಜನರ ಸಾಮಾನಿನ ಅಡಿ ಬೀಳುವುದಾದರೆ ಅದು ಬೇಕು, ದೊಡ್ಡ ಆರ್ಕೆಸ್ಟ್ರಾ ತಂಡದವರು ಬಿಡಬಾರದು. ನಾನು ಬಸ್ಸಲ್ಲಿ, ಟಂಟಂನಲ್ಲಿ ಓಡಾಡುವವನು, ಸಾಮಾನು ನನ್ನ ಕಣ್ಣೆದುರೇ ಇರುತ್ತದೆ. ದಪ್ಪ ಫೋಮ್ ಇರುವ, ಬೆನ್ನಿಗೆ ಎರಡು ಪಟ್ಟಿ ಇರುವ ಬ್ಯಾಗು ತಗೊಂಡೆ. 2.5 ಕಿಲೋ. ಕೊಳ್ಳುವಾಗ ಪಟ್ಟಿಯ ಹೊಲಿಗೆ ಎಳೆದು ನೋಡಿ. ಮೊದಲು ಹರಿಯುವುದೇ ಅದು.

ಇನ್ನು ಕೀಬೋರ್ಡು. ನನ್ನ ಹತ್ತಿರ ಇದ್ದದ್ದು ಸ್ಟೈಲ್ ಇರುವ, ಅಂದರೆ ಬಟನ್ ಒತ್ತಿದರೆ ತಾಳ, ಬೇಸ್ ತಾನೇ ನುಡಿಸುವ ಅರೇಂಜರ್. ಅದರೊಳಗೇ ಎರಡು ಸ್ಪೀಕರು, ಅವಕ್ಕೊಂದು ಆಂಪು. ಮನೆಯಲ್ಲಿ ಅಭ್ಯಾಸಕ್ಕೆ ಭಾಳ ಚಲೋ. ಸ್ಟೇಜಿನ ಮೇಲೆ ಆ ಸ್ಪೀಕರ್ ದನಿ ನನಗೇ ಕೇಳುವುದಿಲ್ಲ. ಯಾರಿಗೂ ಕೇಳದ ಸ್ಪೀಕರನ್ನು ನಾನು ವರ್ಷಗಟ್ಟಲೆ ಹೊತ್ತಿದ್ದೇನೆ. ಯಮಹಾ ಪಿಎಸ್‌ಆರ್-ಎಸ್‌ಎಕ್ಸ್900 ಥರದ ಅರೇಂಜರ್ 11.5 ಕಿಲೋ ಇರುವುದಕ್ಕೆ ಇದೂ ಒಂದು ಕಾರಣ. ಒಬ್ಬರೇ ಕೂತು ತಾಳ, ಬೇಸ್, ಹಾಡು ಎಲ್ಲ ಅದರಲ್ಲೇ ನಡೆಸುವವರಿಗೆ ಅರೇಂಜರ್ ಬೇಕೇ ಬೇಕು, ಅವರು ಭಾರ ಹೊರಲೇಬೇಕು. ನನ್ನ ಪಕ್ಕದಲ್ಲಿ ಪ್ಯಾಡ್ ನುಡಿಸುವವನು ಇದ್ದಾನೆ, ತಬಲಾ ಇದೆ. ಸ್ಟೈಲ್ ಬಟನ್ ನಾನು ಒತ್ತಿ ಎಷ್ಟೋ ಕಾಲವಾಗಿತ್ತು.

ಹುಬ್ಬಳ್ಳಿಯ ಒಂದು ಅಂಗಡಿಗೆ ಹೋದೆ. ಅಲ್ಲಿಯವರು, "88 ಕೀ ತಗೊಳ್ಳಿ ಸರ್, ಪ್ರೊಫೆಷನಲ್ ಅಂದ್ರೆ ಅದೇ" ಅಂದರು. ಪಿಯಾನೋ ಥರ ಸುತ್ತಿಗೆ ಕೀಗಳು, ಒತ್ತಲು ಸೊಗಸು. ಆದರೆ ಪಿಯಾನೋ ಕೀ ಅಂದರೆ ಪ್ರತಿ ಕೀ ಹಿಂದೆ ಒಂದೊಂದು ತೂಕದ ತುಂಡು ಇರುತ್ತದೆ. ಯಮಹಾ ಮೋಡ್‌ಎಕ್ಸ್ ನೋಡಿ: ಒಳಗಿನ ಧ್ವನಿ ಒಂದೇ, 61 ಕೀಯ ಮೋಡ್‌ಎಕ್ಸ್6 ತೂಕ 6.6 ಕಿಲೋ, 88 ಕೀಯ ಮೋಡ್‌ಎಕ್ಸ್8 ತೂಕ 13.8 ಕಿಲೋ. ಎರಡು ಪಟ್ಟಿಗೂ ಜಾಸ್ತಿ. ನಾವು ನಾಟಕದಲ್ಲಿ ನುಡಿಸುವುದು ಏನು? ಕೊಳಲು, ಶಹನಾಯಿ, ವಯಲಿನ್ ಗುಂಪು, ಸಾರಂಗಿ. ಇವಕ್ಕೆ ಹಗುರ ಕೀನೇ ವಾಸಿ. ಬೆರಳು ಬೇಗ ಓಡುತ್ತದೆ, ಎಡಗೈ ಸ್ವರ ಜಾರಿಸುವ ಪಿಚ್ ಬೆಂಡ್ ಮೇಲೆ ಇರುತ್ತದೆ. ಸುತ್ತಿಗೆ ಕೀ ಮೇಲೆ ಬೆಳಗಿನ ಐದರ ತನಕ ಕೊಳಲು ನುಡಿಸಿದರೆ ಮಣಿಕಟ್ಟು ಸೋಲುತ್ತದೆ. ಪಿಯಾನೋ ಕಲಿತವರು ಇದನ್ನು ಒಪ್ಪಲಿಕ್ಕಿಲ್ಲ, ಇರಲಿ.

ನಾನು ನೋಡಿದವು ನಾಲ್ಕು. ಕೋರ್ಗ್ ಕ್ರಾಸ್ 2-61 ಎಲ್ಲಕ್ಕಿಂತ ಹಗುರ, 3.8 ಕಿಲೋ, ಎಎ ಸೆಲ್ ಮೇಲೂ ನಡೆಯುತ್ತದೆ. ಯಮಹಾ ಎಂಎಕ್ಸ್61 ತೂಕ 4.8. ರೋಲ್ಯಾಂಡ್ ಜೂನೋ-ಡಿಎಸ್61 ತೂಕ 5.3. ಯಮಹಾ ಸಿಕೆ61 ತೂಕ 5.6, ಅದರಲ್ಲಿ ಸಣ್ಣ ಸ್ಪೀಕರೂ ಇದೆ, ಸೆಲ್ಲೂ ಹಿಡಿಯುತ್ತದೆ. ಆರ್ಗನ್, ಪಿಯಾನೋ ಜಾಸ್ತಿ ನುಡಿಸುವವನಾಗಿದ್ದರೆ ಸಿಕೆ ತಗೊಳ್ಳುತ್ತಿದ್ದೆನೋ ಏನೋ.

ಕೊನೆಗೆ ಸೆಕೆಂಡ್ ಹ್ಯಾಂಡ್ ಜೂನೋ ತಗೊಂಡೆ. ಎರಡು ಕಾರಣ. ಒಂದು, ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಮೇಲೇ ಇದೆ. ನಾಟಕದಲ್ಲಿ ಹೀರೋಯಿನ್ ಒಬ್ಬರು ಕರಿ ಐದರ ಶ್ರುತಿಯಲ್ಲಿ ಹಾಡಿದರೆ, ಮರುಕ್ಷಣ ಖಳನಾಯಕ ಬಂದು ಕರಿ ಒಂದಕ್ಕೆ ಎತ್ತಿಕೊಳ್ಳುತ್ತಾನೆ. ಮೆನು ಒಳಗೆ ಹುಡುಕುತ್ತಾ ಕೂತರೆ ಹಾಡು ಮುಗಿದಿರುತ್ತದೆ. ಎರಡು, ಅದು ಎಂಟು ರೀಚಾರ್ಜ್ ಸೆಲ್ ಮೇಲೆ ನಡೆಯುತ್ತದೆ. ಕರೆಂಟಿನ ಗ್ಯಾರಂಟಿ ಇಲ್ಲದ ಊರಿಗೆ ಇನ್ನೊಂದು ಸೆಟ್ ಸೆಲ್ ಜೇಬಲ್ಲಿ ಇಟ್ಟುಕೊಂಡೇ ಹೋಗುತ್ತೇನೆ. ಮರದ ಪೆಟ್ಟಿಗೆಯಲ್ಲಿ 25.5 ಕಿಲೋ ಇದ್ದದ್ದು ಬ್ಯಾಗ್ ಸಮೇತ 7.8 ಕಿಲೋ ಆಯಿತು. ಈಗ ಬೈಕ್ ಮೇಲೂ ಬೆನ್ನಿಗೆ ಹಾಕಿಕೊಂಡು ಹೋಗಬಹುದು. ಬ್ಯಾಗು ತಲೆಗಿಂತ ಮೇಲೆ ಹೋಗುತ್ತದೆ, ಬೇವಿನ ಟೊಂಗೆ ಬಂದಾಗ ಬಗ್ಗಬೇಕು ಅಷ್ಟೇ.

ಎಲ್ಲಕ್ಕಿಂತ ತಲೆ ಕೆಡಿಸಿದ್ದು ಸ್ಪೀಕರು.

ನಾಟಕದ ಸ್ಟೇಜ್ ಮುಂದೆ ಮೈಕುಗಳು ತೂಗುಬಿದ್ದಿರುತ್ತವೆ. ಅವುಗಳ ಕೆಳಗೇ ನಾವು. ನನ್ನ 15 ಇಂಚಿನ ಆಂಪಿನ ದನಿ ಸ್ವಲ್ಪ ಏರಿಸಿದರೂ ಅದು ಆ ಮೈಕಿಗೆ ಹೋಗಿ, ಅಲ್ಲಿಂದ ದೊಡ್ಡ ಬಾಕ್ಸಿಗೆ ಹೋಗಿ, ಕುಯ್ಯೋ ಅನ್ನುತ್ತಿತ್ತು. ಸೌಂಡ್ ಸಿಸ್ಟಂ ಹುಡುಗ ಓಡಿ ಬಂದು, "ಮಾಸ್ತರ, ಸಣ್ಣ ಮಾಡ್ರಿ, ನಿಮ್ಮದು ನಾನು ಕೊಡ್ತೀನಿ" ಅನ್ನುತ್ತಿದ್ದ. ಅಂದರೆ 28 ಕಿಲೋ ಹೊತ್ತು ತಂದು, ವಾಲ್ಯೂಮ್ ಎರಡರ ಮೇಲೆ ಏರಿಸಿದ್ದೇ ಇಲ್ಲ. ಜನಕ್ಕೆ ಕೇಳಿಸುತ್ತಿದ್ದದ್ದು ಮಿಕ್ಸರಿಂದ ಹೋದ ಲೈನು. ನನ್ನ ಆಂಪು ಇದ್ದದ್ದು ನನ್ನ ಎರಡು ಕಿವಿಗೆ ಮಾತ್ರ.

ಇದು ಹೊಳೆದ ಮೇಲೆ ಲೆಕ್ಕ ಸುಲಭವಾಯಿತು. ಬಯಲಲ್ಲಿ ಸ್ಪೀಕರಿಂದ ಎರಡು ಪಟ್ಟು ದೂರ ಹೋದರೆ ದನಿ 6 ಡೆಸಿಬಲ್ ಇಳಿಯುತ್ತದೆ. ತಿರುಗಿಸಿ ನೋಡಿ: ನಾಲ್ಕು ಮೀಟರ್ ದೂರದಲ್ಲಿದ್ದುದನ್ನು ಎರಡು ಮೀಟರಿಗೆ ತಂದಿಟ್ಟರೆ 6 ಡೆಸಿಬಲ್ ಪುಕ್ಕಟೆ ಸಿಗುತ್ತದೆ. ಅದೇ 6 ಡೆಸಿಬಲ್ ವ್ಯಾಟ್ ಏರಿಸಿ ಪಡೆಯಬೇಕೆಂದರೆ ನಾಲ್ಕು ಪಟ್ಟು ವ್ಯಾಟ್ ಬೇಕು. ಸಣ್ಣ ಸ್ಪೀಕರನ್ನು ಕಾಲ ಹತ್ತಿರ ಓರೆಯಾಗಿ, ಕಿವಿಗೆ ಮುಖ ಮಾಡಿ ಇಟ್ಟರೆ ಸಾಕು. ಡಬ್ಬಿ ಮೇಲೆ ಬರೆದ ವ್ಯಾಟ್ ನೋಡಿ ಹಿಗ್ಗಬೇಡಿ. ಬಹಳಷ್ಟು ಸಲ ಅದು ಕ್ಷಣಮಾತ್ರ ಬರುವ ಗರಿಷ್ಠ ಲೆಕ್ಕ. ಸತತವಾಗಿ ಕೊಡುವ ವ್ಯಾಟ್ ಎಷ್ಟು ಅಂತ ಕೇಳಿ.

ಹಳೇ ಆಂಪು ಅಷ್ಟು ಭಾರ ಯಾಕೆ ಅಂತ ಬಿಚ್ಚಿ ನೋಡಿದಾಗ ಮೂರು ಕಡೆ ಕಂಡಿತು. ದಪ್ಪ ಮರದ ಡಬ್ಬಿ, ಫೆರೈಟ್ ಮ್ಯಾಗ್ನೆಟ್, ಒಳಗೆ ಇಟ್ಟಿಗೆಯಂಥ ಟ್ರಾನ್ಸ್‌ಫಾರ್ಮರ್. ಈಗಿನ ಹಗುರ ಸ್ಪೀಕರುಗಳಲ್ಲಿ ಡಬ್ಬಿ ಪ್ಲಾಸ್ಟಿಕ್ಕು. ಕಡಿಮೆ ಬಿಸಿಯಾಗುವ ಕ್ಲಾಸ್-ಡಿ ಆಂಪು, ಮೊಬೈಲ್ ಚಾರ್ಜರಿನ ಜಾತಿಯ ಪವರ್ ಸಪ್ಲೈ. ದೊಡ್ಡ ಟ್ರಾನ್ಸ್‌ಫಾರ್ಮರೂ ಬೇಡ, ಶಾಖಕ್ಕೆ ದೊಡ್ಡ ಲೋಹದ ರೆಕ್ಕೆಯೂ ಬೇಡ. ಕೆಲವದರಲ್ಲಿ ನಿಯೋಡಿಮಿಯಂ ಮ್ಯಾಗ್ನೆಟ್ಟು, ಸಣ್ಣದಿದ್ದರೂ ಜೋರು. ಕಿನ್ನಾಳದ ಗೊಂಬೆ ನೋಡಿದವರಿಗೆ ಇದು ಹೊಸದಲ್ಲ. ನೋಡಲು ಘನವಾದ ಗರುಡ, ಎತ್ತಿದರೆ ಒಂದೇ ಕೈ ಸಾಕು. ಅವರು ಮೊದಲಿನಿಂದಲೂ ಹಗುರ ಮರವನ್ನೇ ಆರಿಸಿಕೊಂಡವರು.

ಬೋಸ್ ಎಸ್1 ಪ್ರೊ 7.1 ಕಿಲೋ, ಒಳಗೇ ಬ್ಯಾಟರಿ. ಜೆಬಿಎಲ್ ಇಯಾನ್ ಒನ್ ಕಾಂಪ್ಯಾಕ್ಟ್ 8 ಕಿಲೋ, ಅದಕ್ಕೂ ಬ್ಯಾಟರಿ ಇದೆ. ಒಬ್ಬರೇ ಹಾಡುತ್ತಾ ನುಡಿಸುವವರಿಗೆ, ಸಣ್ಣ ಮನೆ ಸಮಾರಂಭಕ್ಕೆ ಇವು ಸಾಕು. ನಾನು ತಗೊಂಡಿದ್ದು ಯಮಹಾ ಡಿಬಿಆರ್10, 10.5 ಕಿಲೋ. ಬ್ಯಾಟರಿ ಇಲ್ಲ. ಆದರೂ ಇದನ್ನೇ ಆರಿಸಿದ್ದು ಯಾಕೆಂದರೆ, ನಮ್ಮಲ್ಲಿ ಎಷ್ಟೋ ಸಲ ಬೇಸ್ ಗಿಟಾರಿನವನು ಇರುವುದಿಲ್ಲ, ಎಡಗೈಯಲ್ಲಿ ನಾನೇ ಬೇಸ್ ನುಡಿಸುತ್ತೇನೆ. ತೀರಾ ಸಣ್ಣ ಸ್ಪೀಕರಿನಲ್ಲಿ ಆ ದನಿ ಡಬ್ಬಿ ತಟ್ಟಿದ ಹಾಗಿರುತ್ತದೆ.

ಹತ್ತು ಇಂಚಿನ ಈ ಡಿಬಿಆರ್10ಗೂ ಮಿತಿ ಇದೆ, ಮುಚ್ಚಿಡುವುದಿಲ್ಲ. ಬೇಸ್ ಗಿಟಾರಿನ ದಪ್ಪ ತಂತಿ ಸುಮಾರು 41 ಹರ್ಟ್ಜ್. ಈ ಸ್ಪೀಕರ್ 55ರ ಕೆಳಗೆ ಕೈ ಎತ್ತುತ್ತದೆ. ಹಳೇ ಆಂಪಿನಲ್ಲಿ ಎದೆಗೆ ಬಡಿಯುತ್ತಿದ್ದ ಆ ಗುಮ್ಮು ಈಗ ನನಗೆ ಸಿಗುವುದಿಲ್ಲ. ಜನಕ್ಕೆ ಸಿಗುತ್ತದೆ, ದೊಡ್ಡ ಬಾಕ್ಸಿನಲ್ಲಿ. ಮೊದಲ ತಿಂಗಳು ಬೇಜಾರಾಗಿತ್ತು. ಈಗ ರೂಢಿಯಾಗಿದೆ.

ಸೌಂಡ್ ಸಿಸ್ಟಂಗೆ ಲೈನ್ ಕೊಡುವಾಗ ಒಂದು ತಪ್ಪು ನಾನು ವರ್ಷಾನುಗಟ್ಟಲೆ ಮಾಡಿದ್ದೆ. ಲೆಫ್ಟ್, ರೈಟ್ ಎರಡೂ ಪಿನ್ ಕೊಡುತ್ತಿದ್ದೆ, ಅವರು ಎರಡನ್ನೂ ಒಂದೇ ಬಾಕ್ಸಿಗೆ ಸೇರಿಸುತ್ತಿದ್ದರು. ಪಿಯಾನೋ ಧ್ವನಿ ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಎರಡು ಬದಿಯ ಅಲೆಗಳು ಒಂದನ್ನೊಂದು ಕಡಿದುಹಾಕುವುದರಿಂದ ಹಾಗಾಗುತ್ತದೆ. ಎಲ್/ಮೋನೋ ಅಂತ ಬರೆದ ತೂತಿಗೆ ಒಂದೇ ಪಿನ್ ಹಾಕಿ. ಕೀಬೋರ್ಡು, ಮಿಕ್ಸರಿನ ನಡುವೆ ಒಂದು ಡಿಐ ಬಾಕ್ಸ್ ಇರಲಿ, ಲೈನನ್ನು ಮಿಕ್ಸರಿಗೆ ಹೊಂದುವಂತೆ ಮಾಡಿಕೊಡುವುದು ಅದು. ಅಂಗೈಯಷ್ಟು ಡಬ್ಬಿ. ಗುಂಯ್ ಅನ್ನುವ ಹಮ್ ಬಂದರೆ ಅದರಲ್ಲಿರುವ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಜನರೇಟರ್ ಮೇಲೆ ನಡೆಯುವ ಜಾತ್ರೆ ಸ್ಟೇಜಿನಲ್ಲಿ ಇದು ನನ್ನ ಮಾನ ಉಳಿಸಿದೆ.

ಸ್ಟ್ಯಾಂಡು 3.5 ಕಿಲೋದ್ದು ಸಿಕ್ಕಿತು. ಈಗ ಒಟ್ಟು 24 ಕಿಲೋ. ಸ್ಪೀಕರ್ ಬೇಡದ ಕಡೆ, ಅಂದರೆ ಸ್ಟೇಜ್ ಮಾನಿಟರ್ (ನುಡಿಸುವವರಿಗೆ ಕೇಳಲೆಂದು ಇಡುವ ಸ್ಪೀಕರು) ಸೌಂಡ್ ಸಿಸ್ಟಂನವರೇ ಕೊಡುವ ದೊಡ್ಡ ಕಾರ್ಯಕ್ರಮಕ್ಕೆ, 13.5.

ಹಗುರ ಮಾಡಿದ್ದಕ್ಕೆ ಒಂದು ಹೊಸ ತಲೆನೋವೂ ಬಂತು. ಕೀಬೋರ್ಡು ಹಗುರ, ಸ್ಟ್ಯಾಂಡೂ ಹಗುರ. ಕುಷ್ಟಗಿ ಹತ್ತಿರದ ಒಂದು ನಾಟಕದಲ್ಲಿ ಫೈಟಿಂಗ್ ಸೀನಿಗೆ ಜೋರಾಗಿ ಬಡಿದೆ ನೋಡಿ, ಜೂನೋ ನಾಲ್ಕು ಬೆರಳು ಮುಂದಕ್ಕೆ ಜಾರಿತು. ಹಳೇದು ತನ್ನ ಭಾರಕ್ಕೇ ಅಲ್ಲಾಡದೆ ಕೂತಿರುತ್ತಿತ್ತು. ಮೊಣಕಾಲು ಕೊಟ್ಟು ತಡೆದು, ಸೀನು ಮುಗಿಯುವ ತನಕ ಒಂದೇ ಕೈಯಲ್ಲಿ ನುಡಿಸಿದೆ. ಮರುದಿನ ಪಂಕ್ಚರ್ ಅಂಗಡಿಗೆ ಹೋಗಿ ಹಳೇ ಟ್ರ್ಯಾಕ್ಟರ್ ಟ್ಯೂಬಿಂದ ಎರಡು ಬೆರಳಗಲದ ನಾಲ್ಕು ಪಟ್ಟಿ ಕೊಯ್ಯಿಸಿಕೊಂಡೆ. ಸ್ಟ್ಯಾಂಡಿನ ತೋಳಿಗೆ ಎರಡು, ಅದರ ಕಾಲಡಿ ಎರಡು. ಈಗ ಎಷ್ಟು ಬಡಿದರೂ ಜಾರುವುದಿಲ್ಲ. ಪಂಕ್ಚರ್ ಅಣ್ಣ ದುಡ್ಡು ತಗೊಳ್ಳಲಿಲ್ಲ. ಮುಂದಿನ ನಾಟಕಕ್ಕೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿಸಬೇಕಂತೆ, ಅಷ್ಟೇ.