ಸೊಸೈಟಿ ಟೆರೇಸಿನ ಮಳೆನೀರನ್ನ ಬೋರಿಗೆ ಇಳಿಸೋದು ಹೇಗೆ, ಮುಂಬೈಲಿರೋ ನಮ್ಮವರಿಗೆ

ಮುಂಬೈಗೆ ವರ್ಷಕ್ಕೆ 2000 ಮಿ.ಮೀ.ಗಿಂತ ಜಾಸ್ತಿ ಮಳೆ ಬರತ್ತೆ, ಆದ್ರೂ ಜೂನ್ ಬಂತಂದ್ರೆ ಊರಿಗೆ ನೀರು ಕೊಡೋ ಭಾತ್ಸಾ, ತಾನ್ಸಾ, ವೈತರಣಾ ಜಲಾಶಯಗಳಲ್ಲಿ ಎಷ್ಟು ನೀರು ಉಳಿದಿದೆ ಅಂತ ದಿನಾ ಪೇಪರ್ ನೋಡ್ತೀವಿ, ನೀರು ಕಡಿತ ಶುರುವಾದ ಕೂಡ್ಲೆ ಟ್ಯಾಂಕರ್‌ನವನಿಗೆ ಫೋನ್. ಗಾಳಿ ಬಿಸಿಯಾದಷ್ಟೂ ತೇವ ಜಾಸ್ತಿ ಹಿಡ್ಕೊಳತ್ತೆ, ಅದಕ್ಕೇ ಈಗ ಸುರಿದ್ರೆ ಒಂದೇ ಸಲ ಸುರಿಯತ್ತೆ, ರೋಡ್ ತುಂಬಿ ಸಮುದ್ರ ಸೇರತ್ತೆ. ಅದರಲ್ಲಿ ಒಂದಿಷ್ಟನ್ನ ನಮ್ಮ ಕಾಂಪೌಂಡಲ್ಲೇ ನಿಲ್ಲಿಸಬಹುದು.

ಮೊದಲು ಲೆಕ್ಕ. 1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ರೆ 1 ಲೀಟರ್. 300 ಚದರ ಮೀಟರ್ ಟೆರೇಸಾದ್ರೆ 2000 ಮಿ.ಮೀ.ಗೆ 6 ಲಕ್ಷ ಲೀಟರ್, ಹಾಳಾಗೋದು ಅಂತ ಐದರಲ್ಲೊಂದು ಪಾಲು ಬಿಟ್ರೂ 4.8 ಲಕ್ಷ, ಅಂದ್ರೆ 10,000 ಲೀಟರಿನ 48 ಟ್ಯಾಂಕರ್. ಅಷ್ಟೂ ನಿಮ್ಮ ಬೋರಲ್ಲೇ ನಿಲ್ಲಲ್ಲ, ಅದನ್ನ ಸೊಸೈಟಿ ಮೀಟಿಂಗಲ್ಲಿ ಮೊದಲೇ ಹೇಳ್ಬಿಡಿ. ಹೋದ ವರ್ಷದ ಟ್ಯಾಂಕರ್ ಬಿಲ್ ಫೈಲೂ ತಗೊಂಡು ಹೋಗಿ. ನನ್ನ ಪ್ರಕಾರ ಆ ಫೈಲಿನಷ್ಟು ಬೇಗ ಬೇರೆ ಯಾವ ಮಾತೂ ಜನರನ್ನ ಒಪ್ಪಿಸಲ್ಲ.

ಇನ್ನೊಂದು ವಿಷ್ಯ, ದೊಡ್ಡ ಪ್ಲಾಟಲ್ಲಿ ಕಟ್ಟೋ ಹೊಸ ಬಿಲ್ಡಿಂಗಿಗೆ ಬಿಎಂಸಿ (ಮುಂಬೈ ಮಹಾನಗರ ಪಾಲಿಕೆ) 2002ರಲ್ಲೇ ಮಳೆಕೊಯ್ಲು ಕಡ್ಡಾಯ ಮಾಡಿದೆ. ನಿಮ್ಮದು ಆಮೇಲಿನದಾದ್ರೆ ಮೊದಲು ಹಳೇ ಡ್ರಾಯಿಂಗ್ ತೆಗೆಸಿ, ಮಳೆನೀರು ಇಂಗಿಸೋ ಗುಂಡಿ ಇದ್ದೂ ಹೂಳು ತುಂಬಿ ಮುಚ್ಚಿಹೋಗಿರಬಹುದು, ಆಗ ಬರೀ ಕ್ಲೀನ್ ಮಾಡಿಸೋ ಖರ್ಚು.

ಇಲ್ಲಾಂದ್ರೆ ಒಂದೇ ಒಂದು ಡೌನ್‌ಪೈಪಿಂದ (ಟೆರೇಸ್ ನೀರನ್ನ ಕೆಳಗಿಳಿಸೋ ಪೈಪ್) ಶುರು ಮಾಡಿ, ಬೋರಿಗೆ ಹತ್ರ ಇರೋದನ್ನೇ ಆರಿಸ್ಕೊಳ್ಳಿ. ಪೈಪ್ ಕೆಳಗೆ ಬಂದಲ್ಲಿ ಒಂದು ಟಿ ಜಾಯಿಂಟ್, ಅದರ ಒಂದು ಬಾಯಿಗೆ ವಾಲ್ವ್. ಮೊದಲ ಮಳೆಗಳಿಗೆ ಪಾರಿವಾಳದ ಹಿಕ್ಕೆ, ಧೂಳು, ಎಲೆ ಎಲ್ಲಾ ತೊಳ್ಕೊಂಡು ಬರತ್ತೆ, ಆಗ ವಾಲ್ವ್ ತೆಗೆದು ಅದನ್ನ ಹೊರಗೆ ಬಿಟ್ಬಿಡ್ಬೇಕು, ಮಧ್ಯೆ ಎಂಟ್ಹತ್ತು ದಿನ ಮಳೆ ನಿಂತು ಮತ್ತೆ ಬಂದ್ರೂ ಹಂಗೇ ಮಾಡ್ಬೇಕು. ಆಮೇಲಿನ ನೀರು ಫಿಲ್ಟರ್ ಚೇಂಬರಿಗೆ, ಅಡಿಗೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಮರಳು, ನಡುವೆ ನೈಲಾನ್ ಮೆಶ್. ಅಲ್ಲಿಂದ ಬೋರಿಗೆ. ಫಿಲ್ಟರ್ ಇಲ್ಲದೆ ಟೆರೇಸ್ ನೀರನ್ನ ನೇರ ಬೋರಿಗೆ ಬಿಡೋ ಪ್ಲಂಬರ್ ಸಿಕ್ರೆ ದಯವಿಟ್ಟು ಒಪ್ಕೋಬೇಡಿ, ಬೋರೂ ಕೆಡತ್ತೆ, ಸುತ್ತಲಿನವರ ಅಂತರ್ಜಲವೂ ಕೆಡತ್ತೆ.

ಚೇಂಬರ್ ಸೆಪ್ಟಿಕ್ ಟ್ಯಾಂಕ್, ಗಟಾರ, ಬಿಲ್ಡಿಂಗಿನ ಪಾಯದಿಂದ ದೂರ ಇರ್ಲಿ. ಮುಚ್ಚಳ ಬಿಗಿಯಾಗಿರ್ಲಿ, ಇಲ್ದಿದ್ರೆ ಸೊಳ್ಳೆ. ಓವರ್‌ಫ್ಲೋ ಪೈಪಂತೂ ದೊಡ್ಡದೇ ಹಾಕ್ಸಿ, ಯಾಕಂದ್ರೆ 2005 ಜುಲೈ 26ಕ್ಕೆ ಸಾಂತಾಕ್ರೂಜಲ್ಲಿ ಒಂದೇ ದಿನ 944 ಮಿ.ಮೀ. ಬಿತ್ತು, ನಾನು ಮೇಲೆ ಹೇಳಿದ ಟೆರೇಸಿನ ಲೆಕ್ಕದಲ್ಲಿ ಅದು 2.8 ಲಕ್ಷ ಲೀಟರ್, ಅಷ್ಟನ್ನ ಯಾವ ಬೋರೂ ಕುಡಿಯಲ್ಲ. ಸಮುದ್ರದ ಹತ್ರ ಇರೋರು ಮಳೆಗಾಲದಲ್ಲಿ ನೀರಿನ ಮಟ್ಟ ಎಷ್ಟು ಮೇಲೆ ಬರತ್ತೆ ನೋಡ್ಕೊಳ್ಳಿ, ತುಂಬಾ ಮೇಲಿದ್ರೆ ಬೋರು, ಇಂಗು ಗುಂಡಿ ಬಿಟ್ಟು ಟ್ಯಾಂಕ್ ಕಟ್ಟಿಸೋದೇ ವಾಸಿ. ಬೋರಿನ ನೀರು ಫ್ಲಶ್, ಗಿಡ, ಗಾಡಿ ತೊಳೆಯೋಕೆ ಮಾತ್ರ, ಬಿಎಂಸಿ ಲೈನಿಗೆ ಸೇರಿಸಲೇಬೇಡಿ.

ಕೆಲಸ ಮೇ ಮುಗಿಯೋದ್ರೊಳಗೆ ಆಗ್ಬೇಕು. ವಾಲ್ವ್ ಯಾರು ನೋಡ್ಕೋತಾರೆ ಅಂತ ವಿಂಗ್ ಪ್ರಕಾರ ಹೆಸರು ಬರೆದು ಲಿಫ್ಟ್ ಹತ್ರ ಅಂಟಿಸಿ, ಬರೀ ವಾಚ್‌ಮನ್ ಮೇಲೆ ಬಿಟ್ರೆ ರಾತ್ರಿ ಮಳೇಲಿ ಆಗಲ್ಲ. ಬೋರಿನ ನೀರಿನ ಮಟ್ಟ ಮೇ ಕೊನೇಲಿ ಒಮ್ಮೆ, ಅಕ್ಟೋಬರಲ್ಲಿ ಒಮ್ಮೆ ಅಳೆದು ಇಟ್ಕೊಳ್ಳಿ, ಉಳಿದ ಪೈಪುಗಳಿಗೆ ದುಡ್ಡು ಕೇಳೋವಾಗ ಬೇಕಾಗತ್ತೆ.