ಪರೀಕ್ಷೆಯ ವರ್ಷದ ಒತ್ತಡ: ಮೊದಲು ದೇಹ, ಆಮೇಲೆ ವೇಳಾಪಟ್ಟಿ, ಕೊನೆಗೆ ಮಾತು

ಹತ್ತನೇ ತರಗತಿಯ ಇಲ್ಲವೇ ಎರಡನೇ ಪಿಯುಸಿಯ ಮಗು ಪುಸ್ತಕ ಬಿಸಾಕಿ "ನನ್ನ ಕೈಲಿ ಆಗಲ್ಲ" ಎಂದು ಕೂತುಬಿಟ್ಟಾಗ ಮನೆಯವರ ಬಾಯಿಂದ ಮೊದಲು ಹೊರಡುವುದು ಬುದ್ಧಿಮಾತು. "ಟೆನ್ಷನ್ ಮಾಡ್ಕೋಬೇಡ." "ಇನ್ನೆರಡು ತಿಂಗಳು ಕಷ್ಟಪಟ್ಟುಬಿಡು." ಮಾತು ಕೆಟ್ಟದ್ದೇನಲ್ಲ, ಹೇಳಿದ ಹೊತ್ತು ತಪ್ಪು. ಎದೆ ಡವಗುಟ್ಟುತ್ತಿರುವಾಗ, ಹಿಂದಿನ ರಾತ್ರಿ ಐದೇ ತಾಸು ಮಲಗಿದ್ದಾಗ, ಬುದ್ಧಿಮಾತು ಯಾರ ತಲೆಗೂ ಇಳಿಯುವುದಿಲ್ಲ. ಆದ್ದರಿಂದ ಇಲ್ಲಿ ಹೇಳುವ ಕ್ರಮ ತಿರುವುಮುರುವಾಗಿದೆ: ಮೊದಲು ದೇಹ, ಆಮೇಲೆ ಓದಿನ ವೇಳಾಪಟ್ಟಿ, ಕೊನೆಗೆ ಮಾತು.

ಒತ್ತಡ ಪೂರ್ತಿ ಹೋಗಬೇಕಾಗಿಯೂ ಇಲ್ಲ. ಸ್ವಲ್ಪ ಭಯ ಇದ್ದರೇ ಪುಸ್ತಕ ತೆರೆಯುವುದು. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಏರಿ ದೇಹವನ್ನು ಎಚ್ಚರಿಸುತ್ತವೆ, ಕೆಲಸ ಮುಗಿದ ಮೇಲೆ ಇಳಿಯುತ್ತವೆ. ತೊಂದರೆ ಶುರುವಾಗುವುದು ಏರಿದ್ದು ಇಳಿಯದೆ ವಾರಗಟ್ಟಲೆ ಹಾಗೇ ನಿಂತಾಗ. ಆಗ ಕಾಣುವ ಗುರುತುಗಳೆಂದರೆ ಶಾಲೆಗೆ ಹೊರಡುವ ಹೊತ್ತಿಗೇ ಬರುವ ಹೊಟ್ಟೆನೋವು, ತಲೆನೋವು, ಸಣ್ಣದಕ್ಕೆಲ್ಲ ಸಿಡುಕು, ಉಗುರು ಕಚ್ಚುವುದು, ಓದಿದ್ದೇ ಓದಿದರೂ ನೆನಪಲ್ಲಿ ನಿಲ್ಲದಿರುವುದು. ಹುಡುಗಿಯರಲ್ಲಿ ಮುಟ್ಟು ಹಿಂದುಮುಂದಾಗಬಹುದು. ಎಲ್ಲವನ್ನೂ ಒತ್ತಡದ ತಲೆಗೆ ಕಟ್ಟುವ ಮುನ್ನ ಒಮ್ಮೆ ಕಣ್ಣಿನ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ ನೋಡಿಸಿ. ದೃಷ್ಟಿದೋಷದ ತಲೆನೋವನ್ನೂ ರಕ್ತಹೀನತೆಯ ಸುಸ್ತನ್ನೂ "ಓದೋಕೆ ಸೋಮಾರಿತನ" ಎಂದು ತಿಳಿದು ಬೈಯುವ ಮನೆಗಳು ಕಡಿಮೆಯಿಲ್ಲ.

ಉಸಿರು

ಬೆನ್ನು ನೆಟ್ಟಗೆ ಮಾಡಿ ಕೂರಲಿ, ಒಂದು ಕೈ ಹೊಟ್ಟೆಯ ಮೇಲಿರಲಿ. ಮನಸ್ಸಿನಲ್ಲೇ ನಾಲ್ಕು ಎಣಿಸುತ್ತ ಮೂಗಿನಿಂದ ಉಸಿರು ಒಳಗೆ, ಆರು ಎಣಿಸುತ್ತ ನಿಧಾನಕ್ಕೆ ಹೊರಗೆ. ಕೈ ಮೇಲೇಳಬೇಕು, ಭುಜ ಏಳಬಾರದು. ನಿಮಿಷಕ್ಕೆ ಸುಮಾರು ಆರು ಉಸಿರಿನಂತೆ ಐದು ನಿಮಿಷ. ಉಸಿರು ಬಿಡುವಾಗ ಹೃದಯದ ಬಡಿತ ತಾನಾಗಿ ಸ್ವಲ್ಪ ನಿಧಾನವಾಗುತ್ತದೆ. ಬಿಡುವ ಹೊತ್ತನ್ನು ಉದ್ದ ಮಾಡುವುದು ಅದಕ್ಕೇ.

ಇದರಲ್ಲಿ ಸಾಮಾನ್ಯವಾಗಿ ಎರಡು ತಪ್ಪುಗಳಾಗುತ್ತವೆ. ಒಂದು, "ಜೋರಾಗಿ ಉಸಿರು ಎಳ್ಕೋ" ಎನ್ನುವುದು. ದೊಡ್ಡ ದೊಡ್ಡ ಉಸಿರನ್ನು ಬೇಗ ಬೇಗ ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ತುಟಿ ಬೆರಳು ಜುಮ್ಮೆನ್ನುತ್ತವೆ, ಮಗು ಇನ್ನಷ್ಟು ಹೆದರುತ್ತದೆ. ಉಸಿರು ಮೆತ್ತಗಿರಬೇಕು, ಪಕ್ಕದಲ್ಲಿ ಕೂತವರಿಗೂ ಕೇಳಿಸಬಾರದು. ಇನ್ನೊಂದು, ಗಾಬರಿಯ ನಡುವೆಯೇ ಮೊದಲ ಸಲ ಕಲಿಸಲು ಹೋಗುವುದು. ಈಜು ಕಲಿಸುವುದು ಮುಳುಗುವಾಗಲ್ಲ. ಆರಾಮಾಗಿರುವ ದಿನಗಳಲ್ಲಿ, ರಾತ್ರಿ ಊಟಕ್ಕೆ ಮುಂಚೆಯೋ ಓದಲು ಕೂರುವ ಮುಂಚೆಯೋ, ಎರಡು ವಾರ ದಿನವೂ ಮಾಡಿಸಿ. ನೀವೂ ಜೊತೆಗೆ ಮಾಡಿದರೆ ಅದು ಶಿಕ್ಷೆಯಂತೆ ಕಾಣುವುದಿಲ್ಲ.

ಗಾಬರಿ ಆಗಲೇ ಏರಿಬಿಟ್ಟಿದ್ದರೆ ತಣ್ಣೀರು ಒಳ್ಳೆಯದು. ಬೊಗಸೆಯಲ್ಲಿ ನೀರು ಹಿಡಿದು ಕಣ್ಣು, ಕೆನ್ನೆ ಮುಳುಗುವಂತೆ 15 ಸೆಕೆಂಡು ಮುಖ ಇಡಲಿ, ಎರಡು ಮೂರು ಸಲ. ಹೃದ್ರೋಗ ಇರುವ ಮಕ್ಕಳಿಗೆ ಮಾತ್ರ ಇದು ಬೇಡ. ರಾತ್ರಿ ಮಲಗಿದ ಮೇಲೆ ಮೈ ಬಿಗಿದೇ ಇದ್ದರೆ ಮುಷ್ಟಿಯನ್ನು 5 ಸೆಕೆಂಡು ಬಿಗಿಹಿಡಿದು 15 ಸೆಕೆಂಡು ಸಡಿಲ ಬಿಡುವುದು, ಹಾಗೆಯೇ ಭುಜ, ದವಡೆ, ಹೊಟ್ಟೆ, ಕಾಲಿನ ಬೆರಳು. ಹತ್ತು ನಿಮಿಷ ಸಾಕು, ಎಷ್ಟೋ ಮಕ್ಕಳು ಕಾಲಿನವರೆಗೆ ತಲುಪುವ ಮುಂಚೆಯೇ ಮಲಗಿಬಿಡುತ್ತಾರೆ.

ನಿದ್ದೆ ಕದ್ದು ಓದಿಸಬೇಡಿ

13ರಿಂದ 18ರ ವಯಸ್ಸಿಗೆ ಬೇಕಾದ ನಿದ್ದೆ 8ರಿಂದ 10 ತಾಸು. ಈ ವಯಸ್ಸಿನಲ್ಲಿ ನಿದ್ದೆ ತರುವ ಮೆಲಟೋನಿನ್ ಮಿದುಳಿನಲ್ಲಿ ತಡವಾಗಿ ಏರುತ್ತದೆ. ಹಾಗಾಗಿ ಒಂಬತ್ತಕ್ಕೆ ಮಲಗು ಎಂದರೆ ನಿದ್ದೆ ಬರುವುದಿಲ್ಲ, ಅದು ಹಟವಲ್ಲ. ನಾಲ್ಕಕ್ಕೆ ಎಬ್ಬಿಸಿ ಓದಿಸುವ ನಮ್ಮ ಹಳೆಯ ರೂಢಿ ಇಲ್ಲೇ ಎಡವುತ್ತದೆ. ಬೇಗ ಮಲಗಿ ಬೇಗ ಏಳುವ ಮನೆಗೆ ಅದು ಸರಿ. ಟ್ಯೂಷನ್ ಮುಗಿಸಿ ಒಂಬತ್ತಕ್ಕೆ ಮನೆಗೆ ಬಂದು, ಊಟ ಮಾಡಿ, ಹನ್ನೊಂದಕ್ಕೆ ಮಲಗುವ ಮಗುವನ್ನು ನಾಲ್ಕಕ್ಕೆ ಎಬ್ಬಿಸಿದರೆ ಸಿಗುವುದು ಐದು ತಾಸು. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೇ ನಿದ್ದೆಯಲ್ಲಿ. ಅದನ್ನು ಕತ್ತರಿಸಿ ಓದಿಸುವುದೆಂದರೆ ತೂತು ಕೊಡಕ್ಕೆ ನೀರು ಸೇದಿದ ಹಾಗೆ.

ಮಲಗುವ ಹೊತ್ತಿಗಿಂತ ಮೊದಲು ಏಳುವ ಹೊತ್ತನ್ನು ಗೊತ್ತುಮಾಡಿ. ಆರೂವರೆ ಎಂದಾದರೆ ಭಾನುವಾರವೂ ಏಳೂವರೆ ದಾಟಬಾರದು. ಮಲಗುವುದನ್ನು ಎರಡು ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ತನ್ನಿ, ಒಂದೇ ದಿನ ಎರಡು ತಾಸು ಹಿಂದಕ್ಕೆ ತಂದರೆ ಮಗು ಹಾಸಿಗೆಯಲ್ಲಿ ಹೊರಳಾಡುತ್ತ ಚಿಂತೆ ಮಾಡುವುದನ್ನೇ ಕಲಿಯುತ್ತದೆ. ಮಧ್ಯಾಹ್ನ ತೂಗಡಿಕೆ ಬಂದರೆ ನಾಲ್ಕು ಗಂಟೆಯೊಳಗೆ 20 ನಿಮಿಷ ಮಲಗಲಿ, ಅಲಾರಂ ಇಟ್ಟು. ಕುಡಿದ ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ತಾಸು ಬೇಕು. ಸಂಜೆ ಆರರ ಸ್ಟ್ರಾಂಗ್ ಕಾಫಿಯ ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ. ಎರಡು ಗಂಟೆಯ ನಂತರ ಕಾಫಿ, ಟೀ ಬೇಡ, ಎನರ್ಜಿ ಡ್ರಿಂಕ್ ಯಾವ ಹೊತ್ತಿಗೂ ಬೇಡ. ಮೊಬೈಲನ್ನು ಮಲಗುವ ಕೋಣೆಯಿಂದ ಹೊರಗೆ, ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ. ಅಪ್ಪನದೂ ಅಮ್ಮನದೂ ಅಲ್ಲೇ ಇದ್ದರೆ ಮಾತ್ರ ಈ ನಿಯಮ ಮೂರು ದಿನಕ್ಕಿಂತ ಹೆಚ್ಚು ಬಾಳುತ್ತದೆ.

ಆಟವನ್ನೂ ನಿಲ್ಲಿಸಬೇಡಿ. ಈ ವಯಸ್ಸಿಗೆ ದಿನಕ್ಕೆ ಒಂದು ತಾಸು ಮೈ ಬೆವರುವ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಷಟಲ್, ಸೈಕಲ್, ಕಬಡ್ಡಿ, ಯಾವುದಾದರೂ ಸರಿ. "ಈ ವರ್ಷ ಆಟ ಬೇಡ" ಎಂಬ ತೀರ್ಮಾನ ಏರಿದ ಒತ್ತಡ ಇಳಿಯುವ ದಾರಿಯನ್ನೇ ಮುಚ್ಚುತ್ತದೆ.

ಓದಿನ ರಾಶಿ ಒಡೆಯುವುದು

"ತುಂಬಾ ಇದೆ" ಎಂಬ ಭಯಕ್ಕೆ ಮದ್ದು ಎಷ್ಟಿದೆ ಎಂದು ಕಣ್ಣಾರೆ ನೋಡುವುದು. ಒಂದು ವಿಷಯದ ಎಲ್ಲ ಪಾಠಗಳ ಹೆಸರನ್ನೂ ಒಂದು ಹಾಳೆಯಲ್ಲಿ ಬರೆಸಿ. ಪ್ರತಿಯೊಂದರ ಮುಂದೆ ಮಗುವೇ ಗುರುತು ಹಾಕಲಿ: ಬರುತ್ತೆ, ಅರ್ಧಂಬರ್ಧ, ಬರಲ್ಲ. ಶುರು ಮಾಡಬೇಕಾದ್ದು ಅರ್ಧಂಬರ್ಧದಿಂದ. ಅಲ್ಲಿ ಸ್ವಲ್ಪ ಶ್ರಮಕ್ಕೆ ಬೇಗ ಫಲ ಕಾಣುತ್ತದೆ, ಧೈರ್ಯ ಬರುತ್ತದೆ. ಅತಿ ಕಷ್ಟದ ಪಾಠದಿಂದ ಹೊರಟ ಮಕ್ಕಳು ಮೊದಲ ವಾರದಲ್ಲೇ ಸೋತು ಕೂರುತ್ತಾರೆ.

40 ನಿಮಿಷ ಓದು, 10 ನಿಮಿಷ ಬಿಡುವು. ಬಿಡುವಿನಲ್ಲಿ ನೀರು ಕುಡಿಯಲಿ, ಮಹಡಿ ಹತ್ತಿ ಇಳಿಯಲಿ, ರೀಲ್ಸ್ ಮಾತ್ರ ಬೇಡ, ಏಕೆಂದರೆ ಹತ್ತು ನಿಮಿಷಕ್ಕೆ ನಿಂತ ರೀಲ್ಸ್ ಯಾರೂ ಕಂಡಿಲ್ಲ. ಪ್ರತಿ ಅವಧಿಯ ಕೊನೆಯ ಐದು ನಿಮಿಷ ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆಯಬೇಕು. ಗೆರೆ ಎಳೆಯುತ್ತ ಮತ್ತೆ ಮತ್ತೆ ಓದುವುದಕ್ಕಿಂತ ಹೀಗೆ ನೆನಪಿನಿಂದ ಬರೆದದ್ದು ಹೆಚ್ಚು ದಿನ ಉಳಿಯುತ್ತದೆ. ಬರೀ ಓದಿದಾಗ "ಗೊತ್ತು" ಅನ್ನಿಸುವುದು ಮೋಸ, ಪರೀಕ್ಷೆಯ ಕೋಣೆಯಲ್ಲಿ ಅದು ಬಯಲಾದಾಗಲೇ ಗಾಬರಿ.

ವೇಳಾಪಟ್ಟಿಗಳು ಕೆಡುವುದು ತುಂಬಿ ತುಳುಕುವುದರಿಂದ. ದಿನದ ಓದಿನ ಹೊತ್ತಿನ ಮೂರನೇ ಎರಡು ಭಾಗಕ್ಕೆ ಮಾತ್ರ ಕೆಲಸ ಬರೆಯಿರಿ, ಉಳಿದದ್ದು ಹಿಂದುಳಿದ ಪಾಠಕ್ಕೆ, ಬಂದುಹೋಗುವ ನೆಂಟರಿಗೆ, ಕರೆಂಟು ಹೋದದ್ದಕ್ಕೆ. ವಾರಕ್ಕೆ ಅರ್ಧ ದಿನ ಖಾಲಿ ಇರಲಿ.

ಇನ್ನು ಚಿಂತೆಗೂ ಒಂದು ಹೊತ್ತು ಗೊತ್ತುಮಾಡಬಹುದು. ಸಂಜೆ 15 ನಿಮಿಷ, ಒಂದು ನೋಟ್‌ಬುಕ್, ನಡುವೆ ಗೆರೆ. ಎಡಕ್ಕೆ ನನ್ನ ಕೈಲಿರುವುದು, ಬಲಕ್ಕೆ ಕೈಲಿಲ್ಲದ್ದು. "ಪೇಪರ್ ಕಷ್ಟ ಬಂದ್ರೆ?" ಬಲಕ್ಕೆ. "ತ್ರಿಕೋನಮಿತಿ ಲೆಕ್ಕ ಬರ್ತಿಲ್ಲ" ಎಡಕ್ಕೆ, ಅದರ ಪಕ್ಕದಲ್ಲೇ ನಾಳೆ ಮಾಡುವ ಒಂದು ಕೆಲಸ. ರಾತ್ರಿ ಚಿಂತೆ ಬಂದರೆ "ನಾಳೆ ಸಂಜೆ ಬರೀತೀನಿ" ಎಂದು ಮುಂದಕ್ಕೆ ಹಾಕಬಹುದು. ಮಲಗುವ ಮುಂಚೆ ಮಾತ್ರ ಈ ನೋಟ್‌ಬುಕ್ ತೆರೆಯಬಾರದು.

ಮಾತು

ಎದುರಿಗೆ ಕೂರಿಸಿಕೊಂಡು "ಏನಾಗಿದೆ ನಿಂಗೆ, ಹೇಳು" ಎಂದರೆ ವಿಚಾರಣೆಯಂತಾಗುತ್ತದೆ. ಕೈಗೆ ಕೆಲಸ, ಕಣ್ಣಿಗೆ ಬೇರೆ ಕಡೆ ನೋಟ ಇದ್ದಾಗ ಮಕ್ಕಳು ತಾವಾಗಿ ಬಾಯಿಬಿಡುತ್ತಾರೆ. ಅವರೆಕಾಯಿ ಸುಲಿಯುವ ಕಾಲವೂ ಪೂರ್ವಸಿದ್ಧತಾ ಪರೀಕ್ಷೆಯ ಕಾಲವೂ ಹೆಚ್ಚುಕಡಿಮೆ ಒಂದೇ, ಬಳಸಿಕೊಳ್ಳಿ. ಮಗಳು ಹೇಳಲು ಶುರು ಮಾಡಿದ ಮೇಲೆ ಒಂದೇ ಪ್ರಶ್ನೆ ಸಾಕು: "ನಾನು ಸುಮ್ನೆ ಕೇಳಿಸ್ಕೊಳ್ಳಲಾ, ಇಲ್ಲಾ ಏನಾದ್ರೂ ಮಾಡ್ಬೇಕಾ, ಪುಟ್ಟಾ?" ಬಹಳ ಸಲ ಬೇಕಿರುವುದು ಮೊದಲನೆಯದೇ. "ಪಕ್ಕದ ಮನೆ ಹುಡುಗನಿಗೆ 625ಕ್ಕೆ 610 ಬಂತಂತೆ" ಎಂಬ ಮಾತನ್ನು ಇಡೀ ವರ್ಷ ಮನೆಯಿಂದ ಹೊರಗಿಡಿ. ಅಜ್ಜ, ಅತ್ತೆ, ಮಾವಂದಿರಿಗೂ ಮೊದಲೇ ಹೇಳಿಡಿ.

ಇನ್ನೊಂದು ಸಂಗತಿಯನ್ನು ಮಗುವಿಗೆ ಬಿಡಿಸಿ ಹೇಳಬೇಕು. ರಾಜ್ಯದಲ್ಲಿ 2023–24ರಿಂದ ಎಸ್ಸೆಸ್ಸೆಲ್ಸಿಗೂ ಎರಡನೇ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಬಂದಿದೆ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. "ಇದೊಂದೇ ಅವಕಾಶ" ಎಂಬುದು ಈಗ ಸುಳ್ಳು.

ಪರೀಕ್ಷೆಯ ಬೆಳಗ್ಗೆ

ಇಡ್ಲಿ, ಉಪ್ಪಿಟ್ಟು, ರಾಗಿ ಅಂಬಲಿ, ರೂಢಿಯಲ್ಲಿರುವ ತಿಂಡಿಯೇ ಇರಲಿ. ಆ ದಿನ ಹೊಸ ತಿಂಡಿ, ಹೊಸ ಪಾಠ ಎರಡೂ ಬೇಡ. ಹಾಲ್ ಟಿಕೆಟ್, ಎರಡು ಪೆನ್ನು, ನೀರಿನ ಬಾಟಲಿ ಹಿಂದಿನ ರಾತ್ರಿಯೇ ಚೀಲದಲ್ಲಿರಲಿ. ಪ್ರಶ್ನೆಪತ್ರಿಕೆ ಓದಲೆಂದೇ ಕೊಡುವ 15 ನಿಮಿಷದ ಮೊದಲ ನಿಮಿಷವನ್ನು ಆರು ಉಸಿರಿಗೆ ಕೊಡಲಿ, ಆಮೇಲೆ ಗೊತ್ತಿರುವ ಪ್ರಶ್ನೆಗಳನ್ನು ಮನಸ್ಸಿನಲ್ಲಿ ಗುರುತಿಸಿಕೊಳ್ಳಲಿ. ಬರೆದು ಬಂದ ಮೇಲೆ ಮನೆಯಲ್ಲಿ ಉತ್ತರ ತಾಳೆ ನೋಡುವ ಪದ್ಧತಿ ಬಿಡಿ. ಮುಗಿದ ಪೇಪರಿನ ಅಂಕ ಬದಲಾಗುವುದಿಲ್ಲ, ನಾಳಿನದು ಹಾಳಾಗುತ್ತದೆ.

ಮನೆಯ ಉಪಾಯ ಸಾಲದಾದಾಗ

ಎರಡು ವಾರ ಕಳೆದರೂ ದುಃಖ ಅಥವಾ ಸಿಡುಕು ಇಳಿಯದಿದ್ದರೆ, ಊಟ ನಿದ್ದೆ ಕೆಟ್ಟರೆ, ಗೆಳೆಯರನ್ನೂ ಇಷ್ಟದ ಆಟವನ್ನೂ ಬಿಟ್ಟರೆ, ಇದು ಬರೀ ಒತ್ತಡವಲ್ಲದೆ ಖಿನ್ನತೆಯೂ ಇರಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲೂ ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಗುವೇ ಮಾಡಬಹುದು, ಹೆತ್ತವರೂ ಮಾಡಬಹುದು. ಮಕ್ಕಳ ಸಹಾಯವಾಣಿ 1098. ಮುಖಾಮುಖಿ ತೋರಿಸಲು ಜಿಲ್ಲಾಸ್ಪತ್ರೆಯ ಮನೋವೈದ್ಯರಿದ್ದಾರೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ.

"ನಾನಿಲ್ದಿದ್ರೆ ನಿಮ್ಗೆ ಆರಾಮ" ಎಂಬಂಥ ಮಾತು, ಮೈಮೇಲೆ ಗಾಯ ಮಾಡಿಕೊಂಡ ಗುರುತು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು ಕಂಡರೆ ಕಾಯಬೇಡಿ. "ಸಾಯಬೇಕು ಅಂತ ಅನ್ನಿಸ್ತಿದ್ಯಾ?" ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಮಗುವನ್ನು ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿ, ಮನೆಯಲ್ಲಿರುವ ಮಾತ್ರೆಗಳನ್ನು ಅಂದೇ ಬೀಗದೊಳಗಿಡಿ ಅಥವಾ ಬೇರೆ ಮನೆಗೆ ಸಾಗಿಸಿ. ಆಮೇಲೆ ಆಸ್ಪತ್ರೆಗೆ ಹೊರಡಿ, ತುರ್ತಿದ್ದರೆ 112.

ಫಲಿತಾಂಶದ ದಿನ

ಅಂದು ದೊಡ್ಡವರೊಬ್ಬರು ಕೆಲಸಕ್ಕೆ ರಜೆ ಹಾಕಿ ಮನೆಯಲ್ಲಿರಬೇಕು. ಅಂಕವನ್ನು ಜೊತೆಗೇ ಕೂತು ನೋಡಿ, ಮಗು ಸೈಬರ್ ಸೆಂಟರಿನಲ್ಲಿ ಒಂಟಿಯಾಗಿ ನೋಡುವಂತಾಗಬಾರದು. ನೆಂಟರ ಫೋನನ್ನೆಲ್ಲ ನೀವೇ ತೆಗೆದುಕೊಳ್ಳಿ. "ಆಮೇಲೆ ತಿಳಿಸ್ತೀವಿ" ಎಂಬ ಒಂದೇ ಮಾತು ಸಾಕು. ಅಂಕ ಕಡಿಮೆಯಾಗಿದ್ದರೆ ಮರುಎಣಿಕೆ, ಮರುಮೌಲ್ಯಮಾಪನ, ಎರಡನೇ ಪರೀಕ್ಷೆಯ ಅರ್ಜಿಯ ಕೊನೆಯ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಸುಮ್ಮನಾಗಿ. ಆ ಸಂಜೆ ಯಾವ ತೀರ್ಮಾನವೂ ಬೇಡ. ಎರಡು ರಾತ್ರಿ ನಿದ್ದೆಯಾದ ಮೇಲೆ ಆ ಮಾತು ಎತ್ತಿ.